ಸಂಜೆಯಿಂದ ಸಂಜೆಗೆ: ಮಕ್ಕಳ ಜೊತೆ ಉಡುಪಿ ಸುತ್ತಿನ ಒಂದು ಕ್ರಿಸ್ಮಸ್

ಡಿಸೆಂಬರ್ ಬಂತು. ಶಾಲೆಗೆ ರಜೆ, ಬೆಂಗಳೂರಿನಿಂದ ಅಕ್ಕನ ಮಕ್ಕಳು ಊರಿಗೆ ಬರ್ತಾರೆ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರೂವರೆ. ಈ ಸಲ ಚಿಕ್ಕಿ ಕ್ರಿಸ್ಮಸ್ ತೋರಿಸ್ತಾಳೆ ಅಂತ ಇಬ್ಬರಿಗೂ ಫೋನಿನಲ್ಲಿ ಮಾತು ಕೊಟ್ಟಾಗಿದೆ. ತೋರಿಸುವುದು ಅಂದ್ರೆ ಎಂತದನ್ನು? ಮಾಲಿನೊಳಗೆ ಒಂದು ದೊಡ್ಡ ಮರ, ಹತ್ತಿ ಗಡ್ಡದ ಸಾಂತಾಕ್ಲಾಸ್, ಅವನ ಪಕ್ಕ ನಿಂತು ಒಂದು ಫೋಟೋ. ಅದು ಬೆಂಗಳೂರಿನಲ್ಲೇ ಬೇಕಾದಷ್ಟು ಉಂಟು. ಅದಕ್ಕಾಗಿ ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಬರಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ಭಾವನದ್ದು. "ಅದು ನಮ್ಮ ಹಬ್ಬ ಅಲ್ಲವಲ್ಲ, ಮಕ್ಕಳಿಗೆ ಎಂತಕ್ಕೆ?" ಭಾವ ಕೇಳಿದ್ದು ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಆದರೆ ಇದೇ ಪ್ರಶ್ನೆ ಈಗ ನಮ್ಮ ಕರಾವಳಿಯಲ್ಲಿ ಬೇರೆ ಬೇರೆ ದನಿಯಲ್ಲಿ ಕೇಳ್ತದೆ, ಕೆಲವು ಸಲ ಒಳ್ಳೆಯ ದನಿಯಲ್ಲಲ್ಲ. ಹಾಗಾಗಿ ಇವತ್ತಿನ ಸಂಚಿಕೆಯಲ್ಲಿ ಎರಡು ಕೆಲಸ ಒಟ್ಟಿಗೆ ಮಾಡುವಾ. ಒಂದು, ಸಣ್ಣ ಮಕ್ಕಳನ್ನು ಕರ್ಕೊಂಡು ಹೋಗಲು ಆಗುವಂಥ ಒಂದು ದಿನದ ಪ್ಲಾನ್. ಎರಡು, ಆ ದಾರಿಯಲ್ಲಿ ಸಿಗುವ ಇತಿಹಾಸ. ಭಾವನ ಪ್ರಶ್ನೆಗೆ ಉತ್ತರ ಆ ದಾರಿಯಲ್ಲೇ ಸಿಗ್ತದೆ ಅಂತ ನನಗೆ ಅನಿಸ್ತದೆ.

ಮೊದಲು ಲೆಕ್ಕ. ನಾನು ಬಿ.ಕಾಂ. ಓದಿದವಳು, ಬಜೆಟ್ ಹಾಕದೆ ಕಾರು ಸ್ಟಾರ್ಟ್ ಮಾಡುವುದಿಲ್ಲ. ಸಣ್ಣ ಮಕ್ಕಳ ಪ್ರವಾಸದಲ್ಲಿ ಮೊದಲು ಮುಗಿಯುವುದು ದುಡ್ಡೂ ಅಲ್ಲ, ಪೆಟ್ರೋಲೂ ಅಲ್ಲ, ಮಕ್ಕಳ ತಾಳ್ಮೆ. ಅದನ್ನೇ ಬಂಡವಾಳ ಅಂತ ಇಟ್ಟುಕೊಳ್ಳಿ. ಆರು ವರ್ಷದ ಮಗುವಿಗೆ ಒಂದು ಜಾಗದಲ್ಲಿ ಒಂದು ಗಂಟೆ, ಮೂರು ವರ್ಷದವನಿಗೆ ಅರ್ಧ ಗಂಟೆ. ಅಷ್ಟರೊಳಗೆ ಒಂದು ನೋಡುವ ವಸ್ತು, ಒಂದು ಕಥೆ, ಒಂದು ತಿಂಡಿ. ಅದಕ್ಕಿಂತ ಹೆಚ್ಚು ತುರುಕಿದರೆ ದಿನ ನಷ್ಟದಲ್ಲಿ ಮುಗೀತದೆ.

ಎರಡನೆಯದು ಸಮಯ. ಕ್ರೈಸ್ತ ಪಂಚಾಂಗದಲ್ಲಿ ದೊಡ್ಡ ಹಬ್ಬ ಹಿಂದಿನ ಸಂಜೆಯೇ ಶುರುವಾಗ್ತದೆ. ಯೆಹೂದಿ ಸಂಪ್ರದಾಯದಲ್ಲಿ ದಿನವನ್ನು ಸೂರ್ಯ ಮುಳುಗಿದಲ್ಲಿಂದ ಎಣಿಸುವ ಕ್ರಮದ ಮುಂದುವರಿಕೆ ಇದು. ಹಾಗಾಗಿ ನಮ್ಮ "ಒಂದು ದಿನ" 24ರ ಸಂಜೆ ಶುರುವಾಗಿ 25ರ ಸಂಜೆ ಮುಗೀತದೆ. ನಡುವೆ ಒಂದು ರಾತ್ರಿ ನಿದ್ರೆ. ಮಕ್ಕಳಿಗೂ ಒಳ್ಳೆಯದು, ಕಾರು ಬಿಡುವವರಿಗೂ ಒಳ್ಳೆಯದು.

24ರ ಸಂಜೆ: ಕಲ್ಯಾಣಪುರ

ಉಡುಪಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಂತೆಕಟ್ಟೆ. ಅಲ್ಲಿಂದ ಹತ್ತಿರ, ಸುವರ್ಣಾ ನದಿಯ ಬದಿಯಲ್ಲಿ ಕಲ್ಯಾಣಪುರ. ಇಲ್ಲಿನ ಮಿಲಾಗ್ರಿಸ್ ಇಗರ್ಜಿ ಶುರುವಾದದ್ದು 1678ರಲ್ಲಿ. 2012ರಲ್ಲಿ ಮಂಗಳೂರು ಧರ್ಮಪ್ರಾಂತದಿಂದ ಉಡುಪಿ ಬೇರೆಯಾದಾಗ ಇದೇ ಕೆಥೆಡ್ರಲ್ ಆಯಿತು. ಅಷ್ಟು ದೂರ ಬೇಡ ಅನ್ನುವವರಿಗೆ ಉಡುಪಿ ಪೇಟೆಯೊಳಗೇ ಶೋಕಮಾತಾ ಇಗರ್ಜಿ ಉಂಟು.

ಮಕ್ಕಳಿಗೆ ಇಲ್ಲಿ ನೋಡಲು ಇರುವುದು ಗೋದಲಿ. ಬೆತ್ಲೆಹೇಮಿನ ಕೊಟ್ಟಿಗೆ, ಅದರೊಳಗೆ ಮಗು, ತಾಯಿ, ತಂದೆ, ಕುರುಬರು, ದನ, ಕತ್ತೆ. ಈ ಮಾದರಿಯನ್ನು ಜನಪ್ರಿಯ ಮಾಡಿದ್ದು ಇಟಲಿಯ ಸಂತ ಫ್ರಾನ್ಸಿಸ್. 1223ರಲ್ಲಿ ಗ್ರೆಚ್ಚೊ ಅನ್ನುವ ಸಣ್ಣ ಊರಿನಲ್ಲಿ ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ಇಟ್ಟು ಆತ ಕ್ರಿಸ್ಮಸ್ ಆಚರಿಸಿದ. ಓದು ಬಾರದ ರೈತರಿಗೂ ಕಥೆ ಕಣ್ಣಿಗೆ ಕಾಣಬೇಕು ಅನ್ನುವುದು ಅವನ ಯೋಚನೆ. ಎಂಟು ನೂರು ವರ್ಷ ಆದ ಮೇಲೂ ಇದು ಓದು ಬಾರದವರಿಗೆ, ಅಂದ್ರೆ ಮಕ್ಕಳಿಗೆ, ಚೆನ್ನಾಗಿ ಒದಗ್ತದೆ.

ಆದರೆ ನಮ್ಮ ಗೋದಲಿಯನ್ನು ಸ್ವಲ್ಪ ಹತ್ತಿರ ಹೋಗಿ ನೋಡಿ. ಬೈಹುಲ್ಲಿನ ಮಾಡು. ಬದಿಯಲ್ಲಿ ಗದ್ದೆ. ಆ ಗದ್ದೆಗಾಗಿ ಹಬ್ಬಕ್ಕೆ ಹತ್ತು ಹದಿನೈದು ದಿನ ಮೊದಲೇ ತಟ್ಟೆಯಲ್ಲಿ ಭತ್ತವನ್ನೋ ರಾಗಿಯನ್ನೋ ಮೊಳಕೆ ಬರಿಸಿ ಇಡ್ತಾರೆ. ಒಂದು ಬಾವಿ, ಕೆಲವು ಕಡೆ ತೆಂಗಿನ ಮರ. ಬೆತ್ಲೆಹೇಮ್ ಅಂತ ಹೆಸರು, ನೋಡಲು ನಮ್ಮದೇ ಯಾವುದೋ ಬೈಲಿನ ಹಟ್ಟಿ. ಮಗುವನ್ನು ಎತ್ತಿ ಹಿಡಿದು "ಇದರಲ್ಲಿ ನಮ್ಮೂರಿನದ್ದು ಯಾವುದೆಲ್ಲ ಉಂಟು, ಹುಡುಕು" ಅಂತ ಹೇಳಿ. ಹದಿನೈದು ನಿಮಿಷ ಅದರಲ್ಲೇ ಹೋಗ್ತದೆ.

ಮೇಲೆ ತೂಗುವ ನಕ್ಷತ್ರವನ್ನೂ ತೋರಿಸಿ. ಈಗ ಪ್ಲಾಸ್ಟಿಕ್‌ನದ್ದು, ಎಲ್‌ಇಡಿಯದ್ದು ಬಂದಿದೆ. ಆದರೂ ಬಿದಿರಿನ ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ದೀಪ ಇಡುವವರು ಇನ್ನೂ ಇದ್ದಾರೆ. ದೀಪಾವಳಿಗೆ ನಾವು ಕಟ್ಟುವ ಗೂಡುದೀಪ ನೆನಪಾಯ್ತಾ? ಅದೇ ಬಿದಿರು, ಅದೇ ಕಾಗದ, ಅದೇ ಅಂಟು. ಕಟ್ಟುವ ವಿದ್ಯೆ ಒಂದೇ, ಮೂಲೆಗಳ ಲೆಕ್ಕ ಮಾತ್ರ ಬೇರೆ.

ಈಗ ದೊಡ್ಡವರಿಗೆ. ಈ ಹಬ್ಬ ಇಲ್ಲಿಗೆ ಬಂದದ್ದು ಹೇಗೆ?

ಹೆಚ್ಚಿನವರು ಪೋರ್ಚುಗೀಸರ ಹಡಗು ಅಂತ ಹೇಳ್ತಾರೆ. ಹಡಗಿನ ಕಥೆ ಉಂಟು, ಅದನ್ನು ಕಾಪುವಿನ ಕಡಲ ಬದಿಯಲ್ಲಿ ಹೇಳ್ತೇನೆ. ಆದರೆ ಉಡುಪಿ, ಕಾರ್ಕಳದ ಹಳ್ಳಿಗಳಿಗೆ ಕ್ರಿಸ್ಮಸ್ ತಂದವರು ನಾವಿಕರಲ್ಲ, ರೈತರು. 16ನೇ ಶತಮಾನದಿಂದ 18ನೇ ಶತಮಾನದ ತನಕ ಗೋವಾದಿಂದ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬಗಳು ಅಲೆ ಅಲೆಯಾಗಿ ತೆಂಕಣಕ್ಕೆ ಬಂದವು. ಕಾರಣ ಒಂದೇ ಅಲ್ಲ. 1560ರಲ್ಲಿ ಗೋವಾದಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದ್ರೆ ಹೊಸ ಕ್ರೈಸ್ತರು ಹಳೆಯ ಆಚಾರ ಬಿಟ್ಟಿದ್ದಾರಾ ಇಲ್ಲವಾ ಅಂತ ವಿಚಾರಿಸಿ ಶಿಕ್ಷಿಸುವ ಮತೀಯ ನ್ಯಾಯಾಲಯ. ಪೋರ್ಚುಗೀಸರ ತೆರಿಗೆ. ಬರಗಾಲ, ರೋಗ. 1683ರಲ್ಲಿ, ಮತ್ತೆ 1737ರ ನಂತರ ಮರಾಠರ ದಾಳಿ. ಇಲ್ಲಿ ಕೆಳದಿ ನಾಯಕರ ಆಳ್ವಿಕೆ. ಅವರಿಗೆ ಗದ್ದೆ ಮಾಡುವ ಕೈಗಳು ಬೇಕಿದ್ದವು, ಬಂದವರಿಗೆ ನೆಲ ಬೇಕಿತ್ತು. ಪಾಳು ಬಿದ್ದ ನೆಲ ಹಸನು ಮಾಡಿ ಅವರು ಇಲ್ಲಿಯವರೇ ಆದರು. ಅಂದ್ರೆ ಕ್ರೈಸ್ತ ಆಳ್ವಿಕೆಯ ಕಿರುಕುಳ ತಾಳದೆ ಹೊರಟ ಕ್ರೈಸ್ತರಿಗೆ ಜಾಗ ಕೊಟ್ಟದ್ದು ಒಂದು ಲಿಂಗಾಯತ ಅರಸುಮನೆ. ಭಾವನಿಗೆ ನಾನು ಹೇಳುವ ಮೊದಲ ಮಾತು ಇದು.

ಎರಡನೆಯದು ಕಷ್ಟದ ಮಾತು. 1784ರ ಫೆಬ್ರವರಿ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎರಡನೇ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ಸಹಾಯ ಮಾಡಿದ್ದಾರೆ ಅನ್ನುವುದು ಆರೋಪ. ಎಷ್ಟು ಜನ ಅನ್ನುವುದರಲ್ಲಿ ಒಮ್ಮತ ಇಲ್ಲ, 30 ಸಾವಿರದಿಂದ 80 ಸಾವಿರದ ತನಕ ಬೇರೆ ಬೇರೆ ಲೆಕ್ಕ ಉಂಟು. ಮುದುಕರು, ಬಾಣಂತಿಯರು, ಮಕ್ಕಳು, ಎಲ್ಲರೂ ಘಾಟಿ ಹತ್ತಿದರು. ದಾರಿಯಲ್ಲಿ ತುಂಬ ಜನ ಸತ್ತರು. ಇಲ್ಲಿ 27 ಇಗರ್ಜಿಗಳು ನೆಲಕ್ಕೆ ಬಿದ್ದವು ಅಂತ ಹೇಳ್ತಾರೆ. ಉಳಿದವರು ಮರಳಿದ್ದು 1799ರ ಮೇ 4ರಂದು ಟಿಪ್ಪು ತೀರಿಕೊಂಡ ಮೇಲೆ. ಲೆಕ್ಕ ಹಾಕಿ: 1784ರ ಡಿಸೆಂಬರಿನಿಂದ 1798ರ ಡಿಸೆಂಬರ್ ತನಕ ಹದಿನೈದು ಕ್ರಿಸ್ಮಸ್. ಆಗ ಹೊರಟ ಮೂರು ವರ್ಷದ ಮಗು ಬದುಕಿ ವಾಪಸ್ ಬಂದಿದ್ದರೆ, ಬರುವಾಗ ಅದಕ್ಕೆ ಹದಿನೆಂಟು.

ಈ ವಿಷಯ ಈಗ ಎತ್ತಿದರೆ ಕೂಡಲೇ ಎರಡು ಗುಂಪು ಆಗ್ತದೆ. ಎರಡೂ ಕಡೆಯವರು ಮಾತಾಡುವುದು ಟಿಪ್ಪುವಿನ ಬಗ್ಗೆ. ನಡೆದು ಹೋದವರ ಬಗ್ಗೆ, ಬಂದು ಎಂತ ಮಾಡಿದರು ಅನ್ನುವ ಬಗ್ಗೆ ಕೇಳುವವರು ಕಡಿಮೆ. ಅವರು ಮಾಡಿದ್ದು ಇಷ್ಟು: ಜಮೀನು ಬೇರೆಯವರ ಕೈಗೆ ಹೋಗಿತ್ತು, ಅದನ್ನು ಸಾಧ್ಯವಾದಷ್ಟು ಬಿಡಿಸಿಕೊಂಡರು. ಗದ್ದೆ ಮತ್ತೆ ಉತ್ತರು. ಇಗರ್ಜಿ ಮತ್ತೆ ಕಟ್ಟಿದರು.

ಆರು ವರ್ಷದವಳಿಗೆ ಇದನ್ನು ಹೇಳಬೇಕಾ? ನನ್ನ ನಿಲುವು, ಹೇಳಬೇಕು, ಆದರೆ ಅವಳ ಅಳತೆಗೆ. "ಒಮ್ಮೆ ಒಬ್ಬ ರಾಜನಿಗೆ ಇಲ್ಲಿಯವರ ಮೇಲೆ ಸಿಟ್ಟು ಬಂತು. ಅವರನ್ನು ತುಂಬ ದೂರ ನಡೆಸಿಕೊಂಡು ಹೋದ. ಹದಿನೈದು ವರ್ಷ ಆದ ಮೇಲೆ ಅವರು ನಡೆದುಕೊಂಡು ಮನೆಗೆ ಬಂದ್ರು." ಇಷ್ಟು ಸಾಕು. ರಾಜನ ಹೆಸರು, ಧರ್ಮ ಅವಳಿಗೆ ಈಗಲೇ ಬೇಕಾಗಿಲ್ಲ. ಮನೆಗೆ ಬಂದ್ರು ಅನ್ನುವುದು ಬೇಕು.

ಒಂದು ಉಪಯೋಗದ ಮಾತು. ಈಗ ಅನೇಕ ಇಗರ್ಜಿಗಳಲ್ಲಿ ಕ್ರಿಸ್ಮಸ್ ಬಲಿಪೂಜೆ ಮಧ್ಯರಾತ್ರಿ ತನಕ ಕಾಯುವುದಿಲ್ಲ, ಸಂಜೆಯೇ ಆಗ್ತದೆ. ಗೋದಲಿ ನೋಡಲು ಹೋಗುವವರು ಪೂಜೆಗೆ ಮೊದಲೋ ಮುಗಿದ ಮೇಲೋ ಹೋಗಿ, ಸಮಯ ವಿಚಾರಿಸಿಕೊಳ್ಳಿ. ಪೂಜೆಗೆ ಕೂರುವುದಾದರೆ ಹಿಂದಿನ ಬೆಂಚು, ಬಾಗಿಲಿನ ಹತ್ತಿರ, ಚಿಕ್ಕವನು ಅತ್ತರೆ ಹೊರಗೆ ಹೋಗಲು ಸುಲಭ. ಪರಮಪ್ರಸಾದಕ್ಕೆ ಎಲ್ಲರೂ ಸಾಲು ನಿಂತಾಗ ನಾವು ಕೂತಲ್ಲೇ ಕೂರಬೇಕು, ಅದು ದೀಕ್ಷೆ ಪಡೆದ ಕಥೊಲಿಕರಿಗೆ ಮಾತ್ರ. "ನನಗೂ ಬೇಕು" ಅಂತ ಮಗು ಎದ್ದೇ ಏಳ್ತದೆ, ಮೊದಲೇ ಹೇಳಿ ಇಟ್ಟಿರಿ. ಪೂಜೆಯ ಹೊತ್ತಿನಲ್ಲಿ ಫೋಟೋ ಬೇಡ.

25ರ ಬೆಳಿಗ್ಗೆ: ಉಡುಪಿ, ಮಣಿಪಾಲ

ಇವತ್ತಿನ ದಾರಿ ಒಂದು ಸುತ್ತು. ಉಡುಪಿ, ಮಣಿಪಾಲ, ಹಿರಿಯಡ್ಕ, ಕಾರ್ಕಳ, ಅತ್ತೂರು, ಬೆಳ್ಮಣ್, ಶಿರ್ವ, ಕಾಪು, ವಾಪಸ್ ಉಡುಪಿ. ಎಲ್ಲ ಸೇರಿ 90ರಿಂದ 100 ಕಿಲೋಮೀಟರ್.

ಉಡುಪಿ ಪೇಟೆಯಲ್ಲಿ ಇಳಿಯುವುದು ಬೇಡ, ಮಿಷನ್ ಆಸ್ಪತ್ರೆಯ ಎದುರು ಕಾರು ಸ್ವಲ್ಪ ನಿಧಾನ ಮಾಡಿ ಸಾಕು. ಇದು ಇಲ್ಲಿನ ಕ್ರಿಸ್ಮಸ್‌ನ ಇನ್ನೊಂದು ಪದರ. 1834ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದರು. ಇವರು ಪ್ರೊಟೆಸ್ಟಂಟರು. ಕಥೊಲಿಕರ ಹಬ್ಬ ಕೊಂಕಣಿಯದ್ದು, ಅವರ ಪೂಜೆಯ ಭಾಷೆ ಆಗ ಲ್ಯಾಟಿನ್. ಮಿಷನ್ನಿನವರು ಹಿಡಿದದ್ದು ಕನ್ನಡ ಮತ್ತು ತುಳು. 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾಯಿತು, ಕನ್ನಡ ಲಿಪಿಯಲ್ಲಿ. 1847ಕ್ಕೆ ಪೂರ್ತಿ ಹೊಸ ಒಡಂಬಡಿಕೆ. ಮೂಡಣದ ಜ್ಞಾನಿಗಳು ನಕ್ಷತ್ರ ನೋಡಿ ಹೊರಟ ಕಥೆ ಇರುವುದು ಮತ್ತಾಯನಲ್ಲೇ. ಅಂದ್ರೆ ಕ್ರಿಸ್ಮಸ್ ಕಥೆ ತುಳುವಿನಲ್ಲಿ ಓದಲು ಸಿಗಲು ಶುರುವಾಗಿ 180 ವರ್ಷ ದಾಟಿತು. ಶಬ್ದಕೋಶದ ಕಿಟ್ಟೆಲ್ ಗೊತ್ತಲ್ಲ, ಅವರು 1862ರಲ್ಲಿ ಏಸುವಿನ ಕಥೆಯನ್ನು ಕನ್ನಡ ಪದ್ಯದಲ್ಲೇ ಕಟ್ಟಿ "ಕಥಾಮಾಲೆ" ಅಂತ ಹೆಸರಿಟ್ಟರು.

ಮನೆಯೊಳಗೆ ಮರ ಸಿಂಗರಿಸುವುದು ಜರ್ಮನ್ ನಾಡಿನ ಪದ್ಧತಿ. ಬಾಸೆಲ್ ಮಿಷನ್ನಿಗೆ ಬಂದವರಲ್ಲಿ ಹೆಚ್ಚಿನವರು ಜರ್ಮನ್ ಮಾತಾಡುವವರೇ. ಇಲ್ಲಿ ಅವರ ಊರಿನ ಸೂಚಿಪರ್ಣದ ಮರ ಎಲ್ಲಿ ಸಿಗಬೇಕು? ಕರಾವಳಿಯ ಮನೆಗಳಲ್ಲಿ ಗಾಳಿಮರದ ಕೊಂಬೆಯೇ ಕ್ರಿಸ್ಮಸ್ ಮರ ಆಯಿತು. ದಾರಿಯಲ್ಲಿ ಕಾಣುವ ಕೆಂಪು ಹಂಚಿನ ಮಾಡುಗಳನ್ನೂ ತೋರಿಸಿ. ಮಂಗಳೂರು ಹಂಚಿನ ಮೊದಲ ಕಾರ್ಖಾನೆ ಹಾಕಿದ್ದು ಇದೇ ಮಿಷನ್, 1865ರಲ್ಲಿ. ಯಾರ ಮನೆಯಲ್ಲಿ ನಕ್ಷತ್ರ ತೂಗ್ತದೆ, ಯಾರ ಮನೆಯಲ್ಲಿ ಗೂಡುದೀಪ ತೂಗ್ತದೆ, ಎರಡಕ್ಕೂ ಮೇಲಿನ ಹಂಚು ಒಂದೇ.

ಆಸ್ಪತ್ರೆಗೆ ಬರುವಾ. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ್ದು. ಈಗ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಕ್ರಿಸ್ಮಸ್ ಕಥೆಯನ್ನು ಸಿಪ್ಪೆ ಸುಲಿದು ನೋಡಿದರೆ ಒಳಗೆ ಇರುವುದು ಎಂತ? ಪರವೂರಿನಲ್ಲಿ ಒಬ್ಬಳು ಹೆಣ್ಣುಮಗಳಿಗೆ ಹೆರಿಗೆ ನೋವು, ಛತ್ರದಲ್ಲಿ ಜಾಗ ಇಲ್ಲ. ಆ ಕಥೆ ಹೇಳಿಕೊಂಡು ಬಂದವರು ಈ ಊರಿನಲ್ಲಿ ಬಾಣಂತಿಯರಿಗೆ ಜಾಗ ಮಾಡಿದರು. ನನ್ನ ಅಜ್ಜಿಯ ಮಕ್ಕಳಲ್ಲಿ ಇಬ್ಬರು ಹುಟ್ಟಿದ್ದು ಅಲ್ಲೇ. ಅದರಲ್ಲಿ ಒಬ್ಬರು ಈ ಇಬ್ಬರು ಮಕ್ಕಳ ಅಜ್ಜಿ, ಅಂದ್ರೆ ನನ್ನ ಅಮ್ಮ. ಹಾಗಾಗಿ ಭಾವನ ಹೆಂಡತಿ ಮನೆಯ ಕಥೆಯಲ್ಲೂ ಈ ಹಬ್ಬದ ಒಂದು ಎಳೆ ಸೇರಿಯೇ ಉಂಟು.

ಮಣಿಪಾಲ 5 ಕಿಲೋಮೀಟರ್. ಇಲ್ಲಿ ನಿಲ್ಲುವುದು ಕೇಕಿಗೆ ಮತ್ತು ಬಾತ್‌ರೂಮಿಗೆ. ಸಣ್ಣ ಮಕ್ಕಳಿರುವವರು ಎರಡನೆಯದನ್ನು ಹಗುರವಾಗಿ ನೋಡಬೇಡಿ, ಮುಂದೆ ಹಳ್ಳಿ ದಾರಿ. ಮಣಿಪಾಲ ಹೊಸ ಊರು. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆಯುವ ಮೊದಲು ಇದು ಮುಳಿ ಹುಲ್ಲಿನ ಗುಡ್ಡ. ಈಗ ಎಲ್ಲ ರಾಜ್ಯದ ಮಕ್ಕಳು ಓದುವ ಜಾಗ, ಹಾಗಾಗಿ ಬೇಕರಿಗಳಲ್ಲಿ ಪ್ಲಮ್ ಕೇಕ್ ಸಿಗ್ತದೆ. ಕೇಕಿನ ಕಥೆಯೂ ದೂರದ್ದಲ್ಲ. 1883ರಲ್ಲಿ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಅನ್ನುವ ಬೇಕರಿಯವರ ಹತ್ತಿರ ಮರ್ಡಾಕ್ ಬ್ರೌನ್ ಅನ್ನುವ ಇಂಗ್ಲಿಷ್ ತೋಟದ ಧಣಿ ತನ್ನೂರಿನ ಕ್ರಿಸ್ಮಸ್ ಕೇಕ್ ತಂದು ತೋರಿಸಿ, ಇಂಥದ್ದೇ ಮಾಡಿ ಕೊಡು ಅಂದ. ಬಾಪು ಮಾಡಿಕೊಟ್ಟರು. ಭಾರತದ ಮೊದಲ ಕ್ರಿಸ್ಮಸ್ ಕೇಕ್ ಅಂತ ಪ್ರಸಿದ್ಧಿ ಪಡೆದದ್ದು ಇದೇ. ಆಗ ತಲಶ್ಶೇರಿ, ಉಡುಪಿ ಎರಡೂ ಮದ್ರಾಸು ಪ್ರಾಂತ್ಯದ ಒಂದೇ ಕರಾವಳಿ.

ಮಧ್ಯಾಹ್ನದೊಳಗೆ: ಕಾರ್ಕಳ, ಅತ್ತೂರು

ಹಿರಿಯಡ್ಕ ದಾರಿಯಾಗಿ ಕಾರ್ಕಳ. ಹತ್ತು ಗಂಟೆಯೊಳಗೆ ಮುಟ್ಟಿದರೆ ಗೊಮ್ಮಟ ಬೆಟ್ಟ ಹತ್ತಬಹುದು. ಚಪ್ಪಲಿ ಬಿಟ್ಟು ನಡೆಯುವ ಬಂಡೆ, ಬಿಸಿಲು ಏರಿದ ಮೇಲೆ ಮಕ್ಕಳ ಕಾಲಿಗೆ ಆಗುವುದಿಲ್ಲ. ತಡವಾದರೆ ಕೆಳಗಿನಿಂದ, ಇಲ್ಲದಿದ್ದರೆ ಎದುರಿನ ಚತುರ್ಮುಖ ಬಸದಿಯ ಮೆಟ್ಟಿಲಿನಿಂದ ನೋಡಿ. ಗೊಮ್ಮಟ 42 ಅಡಿ ಎತ್ತರ, ನಿಲ್ಲಿಸಿದ್ದು 1432ರಲ್ಲಿ, ಭೈರರಸ ಮನೆತನದ ವೀರಪಾಂಡ್ಯ. ಬಸದಿ 1586ರದ್ದು.

ಕ್ರಿಸ್ಮಸ್ ದಿನ ಗೊಮ್ಮಟನ ಹತ್ತಿರ ಎಂತ ಕೆಲಸ ಅಂತ ಕೇಳ್ತೀರಾ? ಇಲ್ಲಿಂದ ಮೂಡುಬಿದಿರೆ ಹತ್ತಿರ. ಅಲ್ಲಿ ಹೊಸಬೆಟ್ಟು ಕಡೆ ಪವಿತ್ರ ಶಿಲುಬೆಯ ಇಗರ್ಜಿ ಉಂಟು, ಹಳೆಯ ಬರಹಗಳಲ್ಲಿ ಹೊಸ್ಪೆಟ್ ಅಂತ ಹೆಸರು. 1784ರಲ್ಲಿ ಉಳಿದ ಇಗರ್ಜಿಗಳು ಬಿದ್ದಾಗ ಅದು ಬೀಳಲಿಲ್ಲ. ಮೂಡುಬಿದಿರೆಯ ಚೌಟ ಅರಸರು, ಜೈನರು, ಮಧ್ಯೆ ಬಂದು ಅದನ್ನು ಉಳಿಸಿದರು. ಕಲ್ಯಾಣಪುರದಲ್ಲಿ ಹೇಳಿದ ಕಷ್ಟದ ಕಥೆಯ ಇನ್ನೊಂದು ಬದಿ ಇದು. ಹಾಗಾಗಿ ಕಾರ್ಕಳಕ್ಕೆ ಬಂದು ಬರೀ ಇಗರ್ಜಿ ನೋಡಿ ಹೋಗುವುದು ಸರಿ ಅಂತ ನನಗೆ ಅನಿಸುವುದಿಲ್ಲ.

ಕಾರ್ಕಳ ಪೇಟೆಯಿಂದ ಸುಮಾರು 5 ಕಿಲೋಮೀಟರಿಗೆ ಅತ್ತೂರು, ಸಂತ ಲಾರೆನ್ಸರ ಬಸಿಲಿಕಾ. ಇಲ್ಲಿನ ಇಗರ್ಜಿ ಶುರುವಾದದ್ದು 1759ರಲ್ಲಿ, ಬಸಿಲಿಕಾ ಅಂತ ಗೌರವ ಸಿಕ್ಕಿದ್ದು 2016ರಲ್ಲಿ. ಅತ್ತೂರು ಜಾತ್ರೆ ಅಂದ್ರೆ ಜನವರಿ ಕೊನೆಯದ್ದು. ಆಗ ಹಿಂದೂ, ಜೈನ, ಮುಸ್ಲಿಂ, ಕ್ರೈಸ್ತ ಅಂತ ಇಲ್ಲ, ಎಲ್ಲರೂ ಬರ್ತಾರೆ, ಮೇಣದ ಬತ್ತಿಯ ಹರಕೆ ಹೊರುತ್ತಾರೆ, ಮಕ್ಕಳನ್ನು ಕೈಬಿಡುವ ಹಾಗಿಲ್ಲ. ಡಿಸೆಂಬರ್ 25ಕ್ಕೆ ಆ ನೂಕುನುಗ್ಗಲು ಇರುವುದಿಲ್ಲ. ಸಣ್ಣ ಮಕ್ಕಳ ಜೊತೆ ಬರಲು ಇದೇ ಒಳ್ಳೆಯ ಹೊತ್ತು.

ಇಲ್ಲಿನ ಐತಿಹ್ಯ ಮಕ್ಕಳಿಗೆ ಹೇಳುವಂಥದ್ದು. ಸೆರೆಯಿಂದ ಮರಳಿದವರ ಕಾಲ. ಇಗರ್ಜಿ ಕಟ್ಟಲು ಜಾಗ ಹುಡುಕುತ್ತಾ ಸಂತ ಲಾರೆನ್ಸರ ಮರದ ಮೂರ್ತಿ ಹೊತ್ತುಕೊಂಡು ಕೆಲವರು ಕಾಡಿನಲ್ಲಿ ನಡೆದರು. ಬಾಯಾರಿಕೆ ಆಯಿತು, ಒಂದು ಒರತೆ ಕಂಡಿತು. ಮೂರ್ತಿ ಕೆಳಗಿಟ್ಟು ನೀರು ಕುಡಿದರು. ಮತ್ತೆ ಎತ್ತಲು ನೋಡಿದರೆ ಮೂರ್ತಿ ಏಳುವುದಿಲ್ಲ. ಸರಿ, ಇಲ್ಲೇ ಇರುವ ಮನಸ್ಸು ಅಂತ ಅಲ್ಲೇ ಇಗರ್ಜಿ ಮಾಡಿದರು. ಇದೇ ಥರದ ಕಥೆ ಎಲ್ಲಿ ಕೇಳಿದ್ದೀರಿ? ನಮ್ಮ ಎಷ್ಟೋ ದೇವಸ್ಥಾನಗಳ ಸ್ಥಳಪುರಾಣದಲ್ಲಿ. ಹೊತ್ತ ದೇವರು ಇಳಿಸಿದಲ್ಲೇ ನಿಲ್ಲುವುದು ಈ ಮಣ್ಣಿನ ಕಥೆ ಹೇಳುವ ಕ್ರಮ. ಮಾತು ರೋಮಿನ ಸಂತನದ್ದು, ಹೇಳಿದ ರೀತಿ ನಮ್ಮದು.

ಮತ್ತೆ ಈ ಸಂತ ಯಾರು? ನನಗೆ ಇವರು ಇಷ್ಟ, ಯಾಕಂದ್ರೆ ಅಕೌಂಟ್ಸ್ ನೋಡುತ್ತಿದ್ದವರು. 258ನೇ ಇಸವಿ, ರೋಮಿನಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲ. ಲಾರೆನ್ಸ್ ಅಲ್ಲಿನ ಕ್ರೈಸ್ತ ಸಭೆಯ ಖಜಾನೆ ನೋಡಿಕೊಳ್ಳುತ್ತಿದ್ದ. ಅಧಿಕಾರಿಗಳು ಬಂದು, ಸಭೆಯ ಆಸ್ತಿಯನ್ನೆಲ್ಲ ತಂದೊಪ್ಪಿಸು ಅಂದ್ರು. ಮೂರು ದಿನ ಸಮಯ ಕೇಳಿದ, ಇದ್ದದ್ದನ್ನು ಹಂಚಿ ಬಿಟ್ಟ. ಮೂರನೇ ದಿನ ಊರಿನ ಬಡವರು, ಕುಂಟರು, ಕುರುಡರು, ವಿಧವೆಯರನ್ನು ಸಾಲಾಗಿ ನಿಲ್ಲಿಸಿ, ಸಭೆಯ ಆಸ್ತಿ ಇದೇ ಅಂದನಂತೆ. ಅದಕ್ಕೆ ಪ್ರಾಣವನ್ನೇ ಕೊಡಬೇಕಾಯಿತು. ಅವನನ್ನು ಹೇಗೆ ಕೊಂದರು ಅನ್ನುವುದನ್ನು ಮಕ್ಕಳಿಗೆ ಹೇಳಬೇಡಿ. ಆಸ್ತಿ ಪಟ್ಟಿಯ ಕಥೆ ಹೇಳಿ. ಉಡುಗೊರೆ ಅಂದ್ರೆ ಪಡೆಯುವುದು ಅಂತ ಕಲಿತ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕ್ರಿಸ್ಮಸ್ ಕಥೆ ನನಗೆ ಗೊತ್ತಿಲ್ಲ.

ಊಟ ಕಾರ್ಕಳದಲ್ಲೇ ಮುಗಿಸಿ. ಹಬ್ಬದ ದಿನ ಒಳ ಊರುಗಳಲ್ಲಿ ಕೆಲವು ಹೋಟೆಲು ಮುಚ್ಚಿರಬಹುದು. ಊಟ ಆದ ಮೇಲೆ ಬೆಳ್ಮಣ್, ಶಿರ್ವ ದಾರಿ. ಮಕ್ಕಳು ಕಾರಿನಲ್ಲಿ ನಿದ್ರೆ ಮಾಡುವ ಹೊತ್ತು, ಎಬ್ಬಿಸಬೇಡಿ. ದೊಡ್ಡವರು ಕಿಟಕಿಯಿಂದ ನೋಡಿ, ಈ ದಾರಿ ಉದ್ದಕ್ಕೂ ಕ್ರೈಸ್ತರ ಹಳೆಯ ಮನೆಗಳು, ಎದುರು ಶಿಲುಬೆ, ಸುತ್ತ ತೆಂಗು ಅಡಿಕೆ ತೋಟ, ಗದ್ದೆ. ಗೋವಾದಿಂದ ಬಂದ ರೈತರು ಅಂತ ಹೇಳಿದೆನಲ್ಲ, ಅವರ ದುಡಿಮೆ ಈಗಲೂ ಹೀಗೆ ಕಣ್ಣಿಗೆ ಕಾಣ್ತದೆ.

ಸಂಜೆ: ಕಾಪು

ನಾಲ್ಕು ಗಂಟೆಯ ಮೇಲೆ ಕಾಪು. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು, ಸುಮಾರು 27 ಮೀಟರ್ ಎತ್ತರ. ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಲೆ ಬಿಡುತ್ತಾರೆ, ಹಬ್ಬದ ದಿನ ಮೊದಲೇ ವಿಚಾರಿಸಿ. ಆರು ವರ್ಷದವಳು ಹತ್ತಬಹುದು, ಮೂರೂವರೆಯವನಿಗೆ ಮರಳೇ ಸಾಕು. ನೀರಿಗೆ ಇಳಿಸಬೇಡಿ, ಬಂಡೆ ಜಾರ್ತದೆ, ಇಲ್ಲಿನ ಅಲೆಯನ್ನು ನಂಬುವ ಹಾಗಿಲ್ಲ.

ಹಡಗಿನ ಕಥೆ ಹೇಳ್ತೇನೆ ಅಂದಿದ್ದೆ. 1497ರ ಡಿಸೆಂಬರ್ 25. ವಾಸ್ಕೊ ಡ ಗಾಮನ ಹಡಗುಗಳು ಆಫ್ರಿಕಾದ ತೆಂಕಣ ತುದಿ ಸುತ್ತಿ ಮೂಡಣ ಕರಾವಳಿಯಲ್ಲಿ ಬರುತ್ತಿದ್ದವು. ಅವತ್ತು ಕ್ರಿಸ್ಮಸ್ ಅಂತ ಆ ತೀರಕ್ಕೆ "ನತಾಲ್" ಅಂತ ಹೆಸರಿಟ್ಟರು, ಪೋರ್ಚುಗೀಸಿನಲ್ಲಿ ಜನನ, ಕ್ರಿಸ್ಮಸ್. ದಕ್ಷಿಣ ಆಫ್ರಿಕಾದ ಕ್ವಾಜುಲು ನತಾಲ್ ಪ್ರಾಂತ್ಯಕ್ಕೆ ಈಗಲೂ ಅದೇ ಹೆಸರು. 1498ರ ಮೇನಲ್ಲಿ ಕಲ್ಲಿಕೋಟೆ. ಸೆಪ್ಟೆಂಬರಿನಲ್ಲಿ ವಾಪಸ್ ಹೋಗುವಾಗ ನಮ್ಮ ಕರಾವಳಿಯ ಎದುರಿನ ಒಂದು ನಡುಗಡ್ಡೆಯಲ್ಲಿ ಕಲ್ಲಿನ ಕಂಬ ನೆಟ್ಟರು. ರಾಜ ಮೂರು ಕಂಬ ಕೊಟ್ಟು ಕಳಿಸಿದ್ದ, ಒಂದರ ಹೆಸರು ಸಾಂತಾ ಮರಿಯಾ. ಕಾಪುವಿನಿಂದ ಉತ್ತರಕ್ಕೆ, ಮಲ್ಪೆಯ ಎದುರು ಇರುವ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದದ್ದು ಹಾಗೆ ಅಂತ ಹೇಳ್ತಾರೆ. ದೋಣಿಯ ಕ್ಯೂ, ಬಿಸಿಲು, ಚೂಪು ಬಂಡೆ, ಹಬ್ಬದ ರಜೆಯ ಜನ, ಇಷ್ಟು ಲೆಕ್ಕ ಹಾಕಿ ಈ ಸಲದ ಪಟ್ಟಿಯಲ್ಲಿ ದ್ವೀಪ ಸೇರಿಸಲಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ.

ಆ ಕಂಬ ಈಗ ಇಲ್ಲ. ನೆಟ್ಟವರೂ ಹೋದರು. ಉಳಿದದ್ದು ಒಂದು ಶಬ್ದ. ನಮ್ಮ ಕರಾವಳಿಯ ಕಥೊಲಿಕರು ಕೊಂಕಣಿಯಲ್ಲಿ ಕ್ರಿಸ್ಮಸ್‌ಗೆ ಹೇಳುವುದು "ನತಾಲಾಂ". ಕಲ್ಲು ನೆಟ್ಟು ಹೋದವರಿಂದ ಹಬ್ಬ ಉಳಿಯಲಿಲ್ಲ, ಗದ್ದೆ ಮಾಡಿ ನಿಂತವರಿಂದ ಉಳಿಯಿತು.

ಅವರ ಅಡುಗೆಮನೆಯಿಂದ ಬರುವುದೇ ಕುಸ್ವಾರ್. ನಮ್ಮ ಓಣಿಯ ಬಾಯಮ್ಮನ ಮನೆಯಿಂದ ಪ್ರತಿ ವರ್ಷ ಒಂದು ತಟ್ಟೆ ಬರ್ತದೆ. ನೆವ್ರ್ಯೊ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಲಾಡು. ನೆವ್ರ್ಯೊ ಅಂದ್ರೆ ನಮ್ಮ ಕರ್ಜಿಕಾಯಿಯ ತಂಗಿ. ಅಕ್ಕಿ, ತೆಂಗಿನಕಾಯಿ ಹಾಲು, ಬೆಲ್ಲ, ಎಳ್ಳು, ಎಲ್ಲ ಇಲ್ಲಿಯ ಗದ್ದೆ ತೋಟದ್ದು. ಕಿಡಿಯೊಗೆ ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಬಾಚಣಿಗೆಗೋ ಒತ್ತಿ ಸುರುಳಿ ಮಾಡುವುದು. ಇದು ಮಕ್ಕಳ ಕೆಲಸ. 23ರಂದು ಒಂದು ಗಂಟೆ ಮಕ್ಕಳನ್ನು ಕಳಿಸಿ ಅಂತ ಬಾಯಮ್ಮ ಈಗಾಗಲೇ ಹೇಳಿದ್ದಾರೆ. ಈ ಇಡೀ ಪ್ಲಾನಿನಲ್ಲಿ ಮಕ್ಕಳಿಗೆ ನೆನಪು ಉಳಿಯುವುದು ಆ ಒಂದು ಗಂಟೆಯೇ ಅಂತ ನನ್ನ ಅಂದಾಜು, 1678 ಅಲ್ಲ.

ಹಾಗಾದ್ರೆ ಭಾವನ ಪ್ರಶ್ನೆ? "ನಮ್ಮ ಹಬ್ಬ ಅಲ್ಲವಲ್ಲ." ಹೌದು, ಅಲ್ಲ. ಅದನ್ನು ನಮ್ಮದು ಅಂತ ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಅದು ನೆರೆಮನೆಯ ಹಬ್ಬ, ಮುನ್ನೂರು ನಾನೂರು ವರ್ಷದಿಂದ ಇದೇ ಬೇಲಿಯ ಆಚೆ ನಡೆಯುತ್ತಿರುವುದು. ನಡುವೆ ಹದಿನೈದು ವರ್ಷ ಆ ಮನೆಗಳು ಖಾಲಿ ಇದ್ದವು, ಆಮೇಲೆ ದೀಪ ಮತ್ತೆ ಹತ್ತಿತು. ನೆರೆಮನೆಯವರ ಹಬ್ಬಕ್ಕೆ ಹೇಗೆ ಹೋಗಬೇಕು, ಎಲ್ಲಿ ಕೂರಬೇಕು, ಯಾವ ಸಾಲಿನಲ್ಲಿ ನಿಲ್ಲಬಾರದು, ಏನು ಕೊಟ್ಟರೆ ಎರಡು ಕೈಯಲ್ಲಿ ತಗೊಳ್ಳಬೇಕು ಅನ್ನುವುದನ್ನು ಮಕ್ಕಳಿಗೆ ಕಲಿಸಲು ಬೇರೆ ಶಾಲೆ ಇಲ್ಲ. ಆರು ವರ್ಷಕ್ಕೆ ಕಲಿಯದಿದ್ದರೆ ಇಪ್ಪತ್ತಾರಕ್ಕೆ ಯಾರೋ ಬೇರೆ ಪಾಠ ಹೇಳಿಕೊಡ್ತಾರೆ.

ಮತ್ತೆ ಒಂದು ವಿಷಯ. ಕುಸ್ವಾರ್ ಬಂದ ತಟ್ಟೆಯನ್ನು ಖಾಲಿ ವಾಪಸ್ ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ಬಾಳೆಹಣ್ಣೋ, ಚಕ್ಕುಲಿಯೋ, ಏನಾದರೂ ಇಟ್ಟು ಕೊಡಬೇಕು. 26ರ ಬೆಳಿಗ್ಗೆ ಆ ತಟ್ಟೆ ತೆಗೆದುಕೊಂಡು ಹೋಗುವ ಜವಾಬ್ದಾರಿ ಭಾವನಿಗೆ ವಹಿಸಿದ್ದೇನೆ. ಒಪ್ಪಿದ್ದಾರೆ.

ನಿಮ್ಮ ಊರಿನ ಗೋದಲಿಯಲ್ಲಿ, ನಿಮ್ಮ ನೆರೆಮನೆಯ ಕುಸ್ವಾರ್ ತಟ್ಟೆಯಲ್ಲಿ ವಿಶೇಷ ಏನುಂಟು ಅಂತ ಕಳಿಸಿ, ಜನವರಿಯಲ್ಲಿ ಅತ್ತೂರು ಜಾತ್ರೆಯ ಸಂಚಿಕೆಯಲ್ಲಿ ಓದುವಾ. ಮಕ್ಕಳ ಜೊತೆ ಹೊರಟವರು ನೀರು, ಟೋಪಿ, ಒಂದು ಜೊತೆ ಹೆಚ್ಚಿನ ಬಟ್ಟೆ ಮರೀಬೇಡಿ. ಹಬ್ಬ ಇರುವವರಿಗೆ ಹಬ್ಬದ ಶುಭಾಶಯ, ರಜೆ ಇರುವವರಿಗೆ ರಜೆಯ ಶುಭಾಶಯ. ಬರ್ತೇನೆ.